ಮೈನರ್ ಬ್ಲಡ್ ಗ್ರೂಪ್: ಹೆಸರಿಗಷ್ಟೇ ಸಣ್ಣದು

‘ಅಕ್ಕಂದೂ ಓ ಪಾಸಿಟಿವ್, ನಂದೂ ಓ ಪಾಸಿಟಿವ್. ಮತ್ತೆ ಹೊಂದೂದಿಲ್ಲ ಅಂದ್ರೆ ಹೆಂಗೆ?’ ಅಕ್ಕನಿಗೆ ರಕ್ತ ಕೊಡಲು ಬಂದ ತಮ್ಮನಿಂದ ರಕ್ತನಿಧಿಯ ಕಿಟಕಿಯ ಮುಂದೆ ಕಾರವಾರದಲ್ಲೂ ಕೇಳಬಹುದಾದ ಪ್ರಶ್ನೆ ಇದು.

ಕಾರ್ಡಿನಲ್ಲಿ ಬರೆಯುವುದು ಎಬಿಒ ಗುಂಪು, ಆರ್‌ಎಚ್ ಪಾಸಿಟಿವೋ ನೆಗೆಟಿವೋ, ಇಷ್ಟೇ. ಕೆಂಪು ರಕ್ತಕಣದ ಮೈಮೇಲೆ ಇನ್ನೂ ನೂರಾರು ಗುರುತುಗಳಿವೆ. ಅವೇ ಆಂಟಿಜನ್‌ಗಳು. 40ಕ್ಕೂ ಹೆಚ್ಚು ಗುಂಪು ವ್ಯವಸ್ಥೆಗಳಲ್ಲಿ ಕೆಲ್, ಡಫಿ, ಕಿಡ್, ಎಂಎನ್‌ಎಸ್ ಮುಂತಾದವನ್ನು ವಾಡಿಕೆಯಲ್ಲಿ ‘ಮೈನರ್’ ಎನ್ನುತ್ತಾರೆ. ಹೆಸರಿಟ್ಟವರು ಸ್ವಲ್ಪ ಯೋಚಿಸಬೇಕಿತ್ತು.

ತನ್ನದಲ್ಲದ ಆಂಟಿಜನ್ ಮೇಲೆ ಎರಗಲು ದೇಹ ಮಾಡಿಕೊಳ್ಳುವುದೇ ಪ್ರತಿಕಾಯ. ಎ, ಬಿ ವಿರುದ್ಧದ ಪ್ರತಿಕಾಯಗಳು ಎಳೆತನದಲ್ಲೇ ತಾವಾಗಿ ಹುಟ್ಟುತ್ತವೆ. ಕೆಲ್, ಡಫಿ, ಕಿಡ್ ಹಾಗಲ್ಲ. ಪರರ ರಕ್ತ ಏರಿಸಿದ ಮೇಲೆ, ಇಲ್ಲವೇ ಬಸಿರಿನಲ್ಲಿ ಮಗುವಿನ ರಕ್ತಕಣ ತಾಯಿಯ ಮೈಗೆ ಸೇರಿದ ಮೇಲೆ ಅವುಗಳ ವಿರುದ್ಧ ಪ್ರತಿಕಾಯ ಹುಟ್ಟಬಹುದು. 1950ರಲ್ಲಿ ಡಫಿ ಸಿಕ್ಕಿದ್ದು ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯಲ್ಲಿ, ಮರುವರ್ಷ ಕಿಡ್ ಸಿಕ್ಕಿದ್ದು ಒಬ್ಬ ತಾಯಿಯಲ್ಲಿ.

ರಕ್ತ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆಯೇ ಕ್ರಾಸ್ ಮ್ಯಾಚ್. ಲ್ಯಾಬಿನಲ್ಲಿ ರೋಗಿಯ ಸೀರಮ್ಮಿಗೆ, ಅಂದರೆ ರಕ್ತದ ತಿಳಿಗೆ, ದಾನಿಯ ರಕ್ತಕಣ ಬೆರೆಸಿ, ಬೆಚ್ಚಗಿಟ್ಟು, ತೊಳೆದು, ಪ್ರತಿಕಾಯ ಅಂಟಿದ ಕಣಗಳನ್ನು ಒಂದಕ್ಕೊಂದು ಕೂಡಿಸುವ ಕೂಂಬ್ಸ್ ದ್ರಾವಣ ಹಾಕಿ ಯಂತ್ರದಲ್ಲಿ ತಿರುಗಿಸುತ್ತಾರೆ. ತಳದಲ್ಲಿ ಕೆಂಪು ಗುಂಡಿಯೊಂದು ಕೂರುತ್ತದೆ. ಮೆಲ್ಲಗೆ ಅಲುಗಿಸಿದಾಗ ಅದು ಹೊಗೆಯಂತೆ ಕರಗಿದರೆ ಹೊಂದಿತು. ಒದ್ದೆ ರವೆಯಂತೆ ಹರಳುಹರಳಾಗಿ ಒಡೆದರೆ ಆ ಬಾಟಲಿ ವಾಪಸ್.

ಕಿಡ್ ಪ್ರತಿಕಾಯದ್ದು ಬೇರೆಯೇ ಆಟ. ಕೆಲವು ತಿಂಗಳಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ. ಕ್ರಾಸ್ ಮ್ಯಾಚ್ ಸರಿಯಾಗೇ ಬರುತ್ತದೆ, ರಕ್ತ ಏರಿಸುತ್ತಾರೆ. ದೇಹಕ್ಕೆ ಹಳೆಯ ನೆನಪು ಮರುಕಳಿಸಿ, ವಾರ ಹತ್ತು ದಿನದೊಳಗೆ ಏರಿಸಿದ ಕಣಗಳು ಒಡೆಯತೊಡಗುತ್ತವೆ: ಜ್ವರ, ಹಳದಿ ಕಣ್ಣು, ಇಳಿದ ಹಿಮೋಗ್ಲೋಬಿನ್. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ. ಕಾಮಾಲೆಯೆಂದು ನಾಟಿ ಔಷಧಿ ಹುಡುಕಿ ಹೊರಟರೂ ಆಶ್ಚರ್ಯವಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಇನ್ನಷ್ಟು ತೊಡಕು. ಹೆರಿಗೆ ಶಿರಸಿಯಲ್ಲಿ, ಆಪರೇಷನ್ ಮಣಿಪಾಲದಲ್ಲಿ, ಮುಂದಿನದು ಹುಬ್ಬಳ್ಳಿಯಲ್ಲೋ ಗೋವಾದಲ್ಲೋ. ಒಂದು ಕಡೆ ಕಂಡ ಪ್ರತಿಕಾಯದ ಸುದ್ದಿ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಹಳೆಯ ಚೀಟಿಯೇ ಹೇಳಬೇಕು. ‘ಮೊದಲು ರಕ್ತ ಏರಿಸಿದ್ರಾ? ಎಷ್ಟು ಹೆರಿಗೆ?’ ಎಂದು ಕೇಳುವುದು ಇದಕ್ಕೇ.

ಕೆಲ್ ಪ್ರತಿಕಾಯವಿದ್ದರೆ ರಕ್ತ ಹುಡುಕುವುದು ಅಷ್ಟು ಕಷ್ಟವಲ್ಲ, ಭಾರತೀಯರಲ್ಲಿ ಬಹುಪಾಲು ಜನರಿಗೆ ಆ ಆಂಟಿಜನ್ನೇ ಇಲ್ಲ. ಕಿಡ್ ಗುಂಪಿನ ಕಿಡ್-ಎ ಎಂಬ ಆಂಟಿಜನ್ ಹೆಚ್ಚಿನವರಲ್ಲಿದೆ. ಆ ತಮ್ಮನ ರಕ್ತದಲ್ಲೂ ಅದು ಇದ್ದು, ಅಕ್ಕನಲ್ಲಿ ಅದಿಲ್ಲದೆ ಅದರ ವಿರುದ್ಧದ ಪ್ರತಿಕಾಯವಿದ್ದರೆ, ಫ್ರಿಜ್ಜಿನಲ್ಲಿರುವ ಓ ಪಾಸಿಟಿವ್ ಬಾಟಲಿಗಳನ್ನು ಒಂದೊಂದಾಗಿ ಹೊರತೆಗೆದು ನೋಡುತ್ತ ಹೋಗಬೇಕು.