ಕಲ್ಲಿನೊಳಗೆ ಕುಳಿತ ಫಾಸ್ಫೇಟ್

300 ಲೀಟರಿನ ಹವಳದ ಟ್ಯಾಂಕಿಗೆ ದಿನಕ್ಕೆ 1 ಗ್ರಾಂ ಒಣ ಪೆಲೆಟ್ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಮೀನಿನ ಆಹಾರದಲ್ಲಿ ಶೇ 1ರ ಆಸುಪಾಸು ರಂಜಕ ಇರುತ್ತದೆ. ಅಂದರೆ 10 ಮಿಲಿಗ್ರಾಂ ರಂಜಕ, ಫಾಸ್ಫೇಟ್ ಲೆಕ್ಕಕ್ಕೆ ತಂದರೆ ಸುಮಾರು 30 ಮಿಲಿಗ್ರಾಂ. 300 ಲೀಟರಿಗೆ ಹಂಚಿದರೆ 0.1 ಪಿಪಿಎಂ (ಲೀಟರಿಗೆ 0.1 ಮಿಲಿಗ್ರಾಂ). ಹವಳಕ್ಕೆ ನಾವು ಇಟ್ಟುಕೊಳ್ಳುವ ಗುರಿ 0.03ರಿಂದ 0.1 ಪಿಪಿಎಂ. ಮೇಲ್ಮಿತಿಯಷ್ಟು ಫಾಸ್ಫೇಟ್ ಒಂದೇ ದಿನದ ಊಟದಲ್ಲಿ ಒಳಗೆ ಹೋಯಿತು!

ಅದರಲ್ಲಿ ಒಂದಿಷ್ಟು ಮೀನಿನ ಮೈಗೆ, ಒಂದಿಷ್ಟು ಪಾಚಿಗೆ, ಒಂದಿಷ್ಟು ನೊರೆಯಲ್ಲಿ ಕಸ ತೆಗೆಯುವ ಸ್ಕಿಮ್ಮರಿನ ಲೋಟಕ್ಕೆ. ಮಿಕ್ಕದ್ದರಲ್ಲಿ ದೊಡ್ಡ ಪಾಲು ಕಲ್ಲಿಗೆ. ಟ್ಯಾಂಕಿನ ಕಲ್ಲು, ಮರಳು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಫಾಸ್ಫೇಟ್ ಅದರ ಮೈಗೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಕಲ್ಲು ಅದನ್ನು ಮತ್ತೆ ಬಿಟ್ಟುಕೊಡುತ್ತದೆ. ಶೇ 10ರಷ್ಟು ನೀರು ಬದಲಿಸಿ ಎರಡು ದಿನ ಬಿಟ್ಟು ನೋಡಿದರೆ ಅಂಕಿ ಇದ್ದಲ್ಲೇ ಇರುವುದು ಇದಕ್ಕೇ. ನೀರು ಬದಲಾವಣೆ ಬೇರೆ ಹತ್ತು ಕಾರಣಕ್ಕೆ ಬೇಕು, ಫಾಸ್ಫೇಟಿಗೆ ಅದನ್ನು ನೆಚ್ಚಬೇಡಿ.

ಕಲ್ಲಿನ ವಿಷಯದಲ್ಲಿ ಒಂದು ಮಾತು. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಹವಳ ಎತ್ತಿ ತರುವಂತಿಲ್ಲ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹಾಗಾಗಿ ಹೆಚ್ಚಿನವರು ಕೊಳ್ಳುವುದು ಒಣ ಕಲ್ಲು. ಅದು ಯಾವ ಕೊಳೆ ಹೀರಿಕೊಂಡು ಬಂದಿದೆಯೋ ಹೊರಗಿನಿಂದ ತಿಳಿಯದು. ಒಂದು ಡ್ರಮ್ಮಿನಲ್ಲಿ ಉಪ್ಪುನೀರು, ಸಣ್ಣ ಪಂಪ್ ಇಟ್ಟು ವಾರ ಕಾಲ ನೆನೆಹಾಕಿ ಫಾಸ್ಫೇಟ್ ಅಳೆಯಿರಿ. 0.5 ಬಂದರೆ ಅಲ್ಲೇ ನೀರು ಬದಲಿಸುತ್ತಾ ಇಳಿಸಿಕೊಳ್ಳಿ. ಟ್ಯಾಂಕಿಗೆ ಹೋದಮೇಲೆ ಆರು ತಿಂಗಳ ಕೆಲಸ.

ಮೊದಲ ಫಿಲ್ಟರ್ ಟ್ಯಾಂಕಿನ ಹೊರಗೇ ಇರಬೇಕು. ಬೆಂಗಳೂರಿನ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 800 ಇದ್ದು, ಆರ್‌ಓ ಮೆಂಬ್ರೇನ್ ಅದರ ಶೇ 95 ತಡೆದರೂ 40 ದಾಟಿ ಬರುತ್ತದೆ. ಆದ್ದರಿಂದ ಆರ್‌ಓ ಆದಮೇಲೆ, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಕಡ್ಡಾಯ. ಟಿಡಿಎಸ್ ಮೀಟರ್ 0 ತೋರಿಸಬೇಕು, 1 ಬಂತೆಂದರೆ ರೆಸಿನ್ ಬದಲಿಸುವ ಹೊತ್ತು. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದರಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಇದ್ದರೆ ಕಚ್ಚಾ ನೀರನ್ನೇ ಸ್ವಲ್ಪ ಬೆರೆಸಿ ಕೊಡುತ್ತದೆ. ಕುಡಿಯಲು ಸರಿ, ಹವಳಕ್ಕೆ ಬೇಡ.

ಇನ್ನು ಸಂಪ್. ಅಂಗಳದ ಕಾವೇರಿ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಕೂರುವ ಗಾಜಿನ ಪೆಟ್ಟಿಗೆ. ಕರೆಂಟ್ ಹೋದಾಗ ಮೇಲಿನ ಪೈಪಿನ ನೀರೆಲ್ಲ ಅದಕ್ಕೆ ಇಳಿಯುತ್ತದೆ. ಅಷ್ಟು ಜಾಗ ಖಾಲಿ ಇದೆಯೇ ಎಂದು ಮೊದಲ ದಿನವೇ ಪ್ಲಗ್ ಕಿತ್ತು ನೋಡಿ, ಇಲ್ಲವಾದರೆ ಸೋಫಾ ಒದ್ದೆಯಾದಾಗ ತಿಳಿಯುತ್ತದೆ. ಇಳಿಯುವ ನೀರಿಗೆ 200 ಮೈಕ್ರಾನ್ ಫಿಲ್ಟರ್ ಸಾಕ್ಸ್ ಹಾಕಿ, 3-4 ದಿನಕ್ಕೊಮ್ಮೆ ಬದಲಿಸಿ. ವಾರ ಬಿಟ್ಟರೆ ಹಿಡಿದ ಕಸ ಅದರೊಳಗೇ ಕೊಳೆತು ಮತ್ತೆ ಫಾಸ್ಫೇಟಾಗಿ ಕರಗುತ್ತದೆ. ಕ್ಯಾನಿಸ್ಟರ್ ಫಿಲ್ಟರ್ ಹವಳದ ಟ್ಯಾಂಕಿಗೆ ಒಗ್ಗದಿರುವುದೂ ಇದೇ ಕಾರಣಕ್ಕೆ: ಮುಚ್ಚಿದ ಡಬ್ಬಿ, ತಿಂಗಳುಗಟ್ಟಲೆ ಯಾರೂ ತೆರೆಯುವುದಿಲ್ಲ.

ಹೆಚ್ಚು ಹಣ ಹಾಕಬೇಕಾದ್ದು ಪ್ರೋಟೀನ್ ಸ್ಕಿಮ್ಮರಿಗೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಮೇಲೆದ್ದ ಕೊಳೆ ನೊರೆಯನ್ನು ತೆಗೆದು ಚೆಲ್ಲುವಂತೆ, ಇದು ಗಾಳಿಗುಳ್ಳೆಗೆ ಅಂಟುವ ಸಾವಯವ ಕಸವನ್ನು ಕೊಳೆಯುವ ಮೊದಲೇ ತೆಗೆಯುತ್ತದೆ. ಈಗಾಗಲೇ ಕರಗಿದ ಫಾಸ್ಫೇಟನ್ನು ಮುಟ್ಟುವುದಿಲ್ಲ, ಇದನ್ನು ಅಂಗಡಿಯವರು ಹೇಳುವುದು ಕಡಿಮೆ. ‘500 ಲೀಟರ್’ ಎಂದು ಬರೆದಿದ್ದರೆ ಅದು ಮೀನು ಕಡಿಮೆ ಇರುವ ಟ್ಯಾಂಕಿನ ಮಾತು. 300 ಲೀಟರಿಗೆ ಅದೇ ಸರಿ. ಸಾವಿರ ಲೀಟರಿನದನ್ನು ತಂದರೆ ಕಸ ಸಾಲದೆ ನೊರೆಯೇ ನಿಲ್ಲುವುದಿಲ್ಲ. ಸಂಪಿನೊಳಗೆ ಸ್ಕಿಮ್ಮರ್ ಕೂರುವ ಕೋಣೆಯಲ್ಲಿ ನೀರಿನ ಮಟ್ಟ ಕಂಪನಿ ಹೇಳಿದಷ್ಟೇ, ಸದಾ ಒಂದೇ ಸಮ ಇರಬೇಕು. ಒಳ್ಳೆಯದಿದ್ದ ನೊರೆ ದಿಢೀರ್ ಬಿದ್ದುಹೋದರೆ ಎರಡು ಕಡೆ ನೋಡಿ: ಕುತ್ತಿಗೆಯ ಒಳಗೆ ಜಿಡ್ಡು, ಗಾಳಿ ಎಳೆಯುವ ಕೊಳವೆಯ ಬಾಯಲ್ಲಿ ಉಪ್ಪಿನ ಹರಳು. ಜಿಡ್ಡು ಒರೆಸಿ, ಕೊಳವೆಗೆ ಒಂದು ಲೋಟ ಬಿಸಿನೀರು ಎಳೆಸಿದರೆ ಸಾಕು.

ಇಷ್ಟಾದ ಮೇಲೂ ಫಾಸ್ಫೇಟ್ 0.1 ದಾಟುತ್ತಿದ್ದರೆ ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡಿನ ಕಂದು ಕಾಳು. ಚೀಲದಲ್ಲಿ ಕಟ್ಟಿ ಸಂಪಿಗೆ ಎಸೆದರೆ ಹೊರಗಿನ ಕಾಳು ಮಾತ್ರ ಕೆಲಸ ಮಾಡುತ್ತದೆ, ರಿಯಾಕ್ಟರ್ ಬೇಕು, ಅಂದರೆ ಕಾಳಿನ ನಡುವೆ ನೀರು ಹಾಯಿಸುವ ಡಬ್ಬಿ. 300 ಲೀಟರಿಗೆ ಮೊದಲ ಸಲ 40 ಗ್ರಾಂ ಸಾಕು, ಪ್ಯಾಕೆಟ್ಟಿನ ಮೇಲಿನ ಅಳತೆ ಇದರ ಎರಡರಷ್ಟಿರಬಹುದು. ರಿಯಾಕ್ಟರಿಗೆ ತುಂಬಿ, ಹೊರಬರುವ ಕೆಂಪು ನೀರು ತಿಳಿಯಾಗುವ ತನಕ ಆರ್‌ಓ ನೀರು ಹಾಯಿಸಿ ಬಕೆಟ್ಟಿಗೆ ಬಿಡಿ. ಆಮೇಲೆ ಹರಿವು ಹೊಂದಿಸುವುದು: ಕಾಳಿನ ಮೇಲ್ಪದರ ಸಣ್ಣ ಉರಿಯ ಅನ್ನದಂತೆ ಮೆಲ್ಲಗೆ ಅಲುಗಬೇಕು. ಕೊತಕೊತ ಕುಣಿದರೆ ಕಾಳು ತಿಕ್ಕಾಡಿ ಪುಡಿಯಾಗಿ ಟ್ಯಾಂಕಿಗೆ ಬರುತ್ತದೆ. ಅಲುಗದೇ ನಿಂತರೆ ಕಾರ್ಬೊನೇಟ್ ಕಟ್ಟಿ ಇಟ್ಟಿಗೆಯಾಗುತ್ತದೆ, ನೀರು ಒಂದೇ ಬಿರುಕಿನಲ್ಲಿ ನುಸುಳಿ ಹೋಗುತ್ತದೆ. ತಿಂಗಳಿಗೊಮ್ಮೆ ಬದಲಿಸಿ ಎನ್ನುವ ಲೆಕ್ಕ ಬೇಡ. ರಿಯಾಕ್ಟರಿಗೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ ಅಳೆಯಿರಿ. ಅಂಕಿ ಒಂದೇ ಬಂದರೆ ಕಾಳಿನ ಶಕ್ತಿ ಮುಗಿದಿದೆ.

ಆತುರ ಇಲ್ಲೇ ಕೆಡಿಸುವುದು. 0.4 ಇದ್ದ ಟ್ಯಾಂಕನ್ನು ಮೂರು ದಿನದಲ್ಲಿ 0.03ಕ್ಕೆ ತಂದರೆ ಅಕ್ರೊಪೊರಾ ಎಂಬ ಕೊಂಬೆ ಹವಳದ ತುದಿ ಬಿಳಿಚಿ ಬುಡದಿಂದ ಮಾಂಸ ಸುಲಿಯತೊಡಗುತ್ತದೆ, ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟಿನ ಅಳತೆ) 9-10 ಡಿಕೆಎಚ್ ಇದ್ದರಂತೂ ಇನ್ನೂ ಬೇಗ. ವಾರಕ್ಕೆ 0.1ಕ್ಕಿಂತ ಹೆಚ್ಚು ಇಳಿಸಬೇಡಿ, ಆಲ್ಕಲಿನಿಟಿಯನ್ನು 7.5-8ರಲ್ಲಿ ನಿಲ್ಲಿಸಿಕೊಳ್ಳಿ. ಫಾಸ್ಫೇಟ್ ಇಳಿಸುವ ಇನ್ನೊಂದು ರಾಸಾಯನಿಕ ಲ್ಯಾಂಥನಂ ಕ್ಲೋರೈಡ್ ಅಗ್ಗ, ಶಕ್ತಿಯೂ ಹೆಚ್ಚು. ಆದರೆ ಅದರಿಂದ ಹುಟ್ಟುವ ಬಿಳಿ ಗಸಿಯನ್ನು 5-10 ಮೈಕ್ರಾನ್ ಸಾಕ್ಸಿನಲ್ಲಿ ಹಿಡಿಯದಿದ್ದರೆ ಟ್ಯಾಂಗ್ ಮೀನುಗಳು ಏದುಸಿರು ಬಿಡುತ್ತವೆ. ಮೊದಲ ಟ್ಯಾಂಕಿನವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಅಳೆಯಲು ಬಣ್ಣ ಹೋಲಿಸುವ ಕಿಟ್ ಸಾಲದು. 0.03ಕ್ಕೂ 0.08ಕ್ಕೂ ನೀಲಿಯ ವ್ಯತ್ಯಾಸ ಕಣ್ಣಿಗೆ ಹಿಡಿಯದು. ಹನ್ನಾ ಎಚ್‌ಐ 736 ಚೆಕರ್ ಎಂಬ ಕೈಮೀಟರ್ ತೋರಿಸುವುದು ರಂಜಕದ ಪಿಪಿಬಿ, 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 20 ಬಂದರೆ 0.06. ಯಂತ್ರದ ತಪ್ಪೇ 5 ಪಿಪಿಬಿಯಷ್ಟು ಆಚೀಚೆ ಇರುವುದರಿಂದ 20, 24 ಎಂದು ತಲೆಕೆಡಿಸಿಕೊಳ್ಳಬೇಡಿ. ಹೆಚ್ಚು ಕೆಡುವುದು ಕೈಯಲ್ಲಿ: ನೀರಿಗೆ ಬೆರೆಸುವ ಪರೀಕ್ಷೆಯ ಪುಡಿ ಪ್ಯಾಕೆಟ್ಟಿನ ಮೂಲೆಯಲ್ಲಿ ಉಳಿಯುತ್ತದೆ, ಗಾಜಿನ ಮೇಲೆ ಬೆರಳಚ್ಚು, ಒಳಗೋಡೆಯಲ್ಲಿ ಗುಳ್ಳೆ. ಪುಡಿ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಅಳೆಯುವಾಗ ಎರಡೂ ಸಲ ಅದೇ ಬಾಟಲಿ, ಅದೇ ಮಗ್ಗುಲು.

ಫಾಸ್ಫೇಟ್ ಚೆಕರ್ 0 ತೋರಿಸಿದರೆ ಎರಡರಲ್ಲೊಂದು. ಗಾಜಿನ ತುಂಬ ಕೂದಲುಪಾಚಿ ಇದ್ದರೆ ಫಾಸ್ಫೇಟೆಲ್ಲ ಪಾಚಿಯ ಹೊಟ್ಟೆಯಲ್ಲಿದೆ. ಕೈಯಿಂದ ಕಿತ್ತು ಹೊರಹಾಕುವುದೇ ಅಲ್ಲಿ ಫಿಲ್ಟರ್. ಪಾಚಿಯೂ ಇಲ್ಲ, ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಲೋಳೆ ಎಳೆಯೆಳೆಯಾಗಿ ತೂಗುತ್ತಿದೆ, ಹಗಲು ಹೆಚ್ಚಿ ರಾತ್ರಿ ಕಡಿಮೆಯಾಗುತ್ತದೆ ಎಂದರೆ ಅದು ಬಹುಮಟ್ಟಿಗೆ ಡೈನೋ, ಅಂದರೆ ಡೈನೊಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿ. ಅದಕ್ಕೆ ಜಿಎಫ್‌ಒ ಹೆಚ್ಚಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ರಿಯಾಕ್ಟರ್ ಬಂದ್ ಮಾಡಿ, ನೀರು ಬದಲಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಮೀನಿಗೆ ಇನ್ನೊಂದು ಹೊತ್ತು ಊಟ ಹಾಕಿ, ಫಾಸ್ಫೇಟ್ 0.05ಕ್ಕೆ, ನೈಟ್ರೇಟ್ 5ಕ್ಕೆ ಏರುವ ತನಕ ದಿನ ಬಿಟ್ಟು ದಿನ ಅಳೆಯಿರಿ. ಮೊದಮೊದಲು ಅಂಕಿ ಮೇಲೇಳುವುದೇ ಇಲ್ಲ. ಹಸಿದ ಕಲ್ಲು ತನ್ನ ಪಾಲು ಹೀರಿಕೊಂಡ ಮೇಲಷ್ಟೇ ಅದು ನೀರಿನಲ್ಲಿ ಕಾಣಿಸುತ್ತದೆ.