ಬೆರಕೆಯಲ್ಲದವರು ಯಾರು?

ಧಾರವಾಡದಿಂದ ಹಳಿಯಾಳಕ್ಕೆ ಹೋಗುವ ಬಸ್ಸಿನಲ್ಲಿ ಸಿದ್ದಿ ಹುಡುಗರು ಕೂತಿರುತ್ತಾರೆ. ಅವರ ಗುಂಗುರು ಕೂದಲು ನೋಡಿದ ಕೂಡಲೇ ಪಕ್ಕದವರ ಪ್ರಶ್ನೆ: "ಯಾವ ದೇಶದವ್ರಪಾ ನೀವು?" "ಇಲ್ಲೇ ಹಳಿಯಾಳದವ್ರರೀ" ಅಂದರೂ ನಂಬುವುದಿಲ್ಲ. "ಹಂಗಾದ್ರ ಬೆರಕಿ ಇರಬೇಕು" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೆರಕೆ ನಿಜ. ಆದರೆ ತೀರ್ಪು ಕೊಟ್ಟವರೂ ಬೆರಕೆಯೇ ಅಲ್ವಾ?

ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಗೋವೆಯಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. 2011ರಲ್ಲಿ ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಸಿದ್ದಿಗಳ ಡಿಎನ್‌ಎ ಓದಿದರು. ಹೆಚ್ಚಿನ ಪಾಲು ಆಫ್ರಿಕಾದ್ದು, ಉಳಿದದ್ದು ಬಹುಮಟ್ಟಿಗೆ ಇಲ್ಲಿಯದು. ಬೆರೆತದ್ದು ಸುಮಾರು 200 ವರ್ಷಗಳ ಈಚೆಗೆ, ಅಂದರೆ ಸುಮಾರು 8 ತಲೆಮಾರು.

ಕಾಗದಪತ್ರ ಇಲ್ಲದೆ ಇದು ತಿಳಿದದ್ದು ಹೇಗೆ? ನನಗೆ ಬಹಳ ಇಷ್ಟವಾದ ಲೆಕ್ಕ ಇದು. ನಮ್ಮ ಡಿಎನ್‌ಎ ಕ್ರೋಮೋಸೋಮ್ ಎಂಬ ಎಳೆಗಳಲ್ಲಿ ಸುತ್ತಿಕೊಂಡಿರುತ್ತದೆ. ಪ್ರತಿ ಕ್ರೋಮೋಸೋಮ್ ಜೋಡಿಯಲ್ಲಿ ಒಂದು ಅಪ್ಪನದು, ಒಂದು ಅವ್ವನದು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಇವೆರಡೂ ಪಕ್ಕಪಕ್ಕ ಬಂದು, ಒಂದೆರಡು ಕಡೆ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನಮ್ಮ ಕಡೆಯ ಕೌದಿ ನೆನಪಿಸಿಕೊಳ್ಳಿ. ಇಳಕಲ್ ಸೀರೆಯ ತುಂಡಿಗೆ ಧೋತರದ ತುಂಡು ಹೊಲಿದ ಕೌದಿ. ಮಗಳು ಅದನ್ನು ಕತ್ತರಿಸಿ ಮತ್ತೆ ಹೊಲಿಯುತ್ತಾಳೆ, ಮೊಮ್ಮಗಳು ಇನ್ನೊಮ್ಮೆ. ಪ್ರತಿ ಸಲವೂ ಇಳಕಲ್ಲಿನ ತುಂಡು ಸಣ್ಣದಾಗುತ್ತದೆ, ಆದರೆ ಅದರ ನೇಯ್ಗೆಯ ಗುರುತು ಹೋಗುವುದಿಲ್ಲ. ಉದ್ದ ತುಂಡು ಸಿಕ್ಕರೆ ಬೆರೆತದ್ದು ಇತ್ತೀಚೆಗೆ. ಚೂರು ಚೂರಾಗಿದ್ದರೆ ಬಹಳ ಹಿಂದೆ. ಸಿದ್ದಿಗಳಲ್ಲಿ ಆಫ್ರಿಕಾದ ತುಂಡುಗಳು ಇನ್ನೂ ಉದ್ದವಾಗಿವೆ.

ಇದೇ ಲೆಕ್ಕವನ್ನು 2013ರಲ್ಲಿ ಭಾರತದ ಹತ್ತಾರು ಸಮುದಾಯಗಳಿಗೆ ಹಚ್ಚಿ ನೋಡಿದರು. ಇಲ್ಲಿನ ಬಹುತೇಕ ಎಲ್ಲರೂ ಎರಡು ಬೇರೆ ಬೇರೆ ಪೂರ್ವಜ ಗುಂಪುಗಳ ಮಿಶ್ರಣ. ಮೇಲ್ಜಾತಿಯವರೂ, ದಲಿತರೂ, ಭಿಲ್ಲರಂಥ ಬುಡಕಟ್ಟಿನವರೂ. ಬೆರೆತದ್ದು 1,900ರಿಂದ 4,200 ವರ್ಷಗಳ ಹಿಂದೆ. ಜಾತಿಯೊಳಗೇ ಮದುವೆ ಎಂಬ ಕಟ್ಟುಪಾಡು ಬಿಗಿಯಾದದ್ದು ಆಮೇಲೆ. "ನಮ್ಮದು ಚೊಕ್ಕ ರಕ್ತ" ಎನ್ನುವವರ ಮೈಯಲ್ಲೂ ಅವೇ ಚೂರುಗಳಿವೆ. ಸಿದ್ದಿಗಳಿಗೂ ನಮಗೂ ಬೆರೆತ ತಾರೀಖು ಬೇರೆ, ಅಷ್ಟೇ.

ಇನ್ನು ಜನಾಂಗದ ಹೆಸರು ಹಚ್ಚುವವರು ಯಾರು? ಅಮೆರಿಕದ ಜನಗಣತಿ ನೋಡಿ. 1930ರಲ್ಲಿ ಭಾರತದಿಂದ ಹೋದವರ ಜನಾಂಗ 'ಹಿಂದೂ'. ಮುಸಲ್ಮಾನ, ಸಿಖ್ ಆಗಿದ್ದರೂ ಅದೇ. 1970ರಲ್ಲಿ ಅವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್'. ಆ 50 ವರ್ಷ ಅಲ್ಲೇ ಬಾಳಿದ ಒಬ್ಬ ಮನುಷ್ಯನ ಡಿಎನ್‌ಎಯಲ್ಲಿ ಏನೂ ಬದಲಾಗಿರಲಿಲ್ಲ, ಫಾರ್ಮು ಬದಲಾಗಿತ್ತು. ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕುವ ಅವಕಾಶ ಅಲ್ಲಿ ಸಿಕ್ಕಿದ್ದೇ 2000ದಲ್ಲಿ.