ಹನೌಮಾ ಬೇಯಲ್ಲಿ ಅಲೆಗಿಂತ ಉಸಿರಿನ ಕಡೆ ಗಮನವಿರಲಿ

ಹವಾಯಿಯ ಒಆಹು ದ್ವೀಪದಲ್ಲಿರುವ ಹನೌಮಾ ಬೇ ನೋಡಿದವರಿಗೆ, ಇಲ್ಲೂ ಅಪಾಯ ಇದೆ ಅಂದರೆ ನಂಬಿಕೆ ಬರುವುದಿಲ್ಲ. ಹಳೆಯ ಜ್ವಾಲಾಮುಖಿಯ ಬಾಯಿಯ ಒಂದು ಪಕ್ಕ ಕುಸಿದು, ಕಡಲು ಒಳಗೆ ನುಗ್ಗಿ ಆದ ಕೊಲ್ಲಿ ಇದು. 1967ರಿಂದ ಸಂರಕ್ಷಿತ ಜಾಗ. ದಡದ ಹತ್ತಿರ ಆಳ ಕಡಿಮೆ, ದೊಡ್ಡ ಅಲೆಗಳನ್ನು ಹವಳದ ದಿಬ್ಬ ತಡೆಯುತ್ತದೆ. ಈಜು ಅಷ್ಟಾಗಿ ಬಾರದವರೂ ಈ ಧೈರ್ಯದಲ್ಲೇ ಸ್ನಾರ್ಕೆಲ್ (ಮುಖ ನೀರೊಳಗಿಟ್ಟೇ ಉಸಿರಾಡಲು ಬಾಯಿಗಿಟ್ಟುಕೊಳ್ಳುವ ಕೊಳವೆ) ಹಾಕಿಕೊಂಡು ಮೀನು ನೋಡಲು ಇಳಿಯುತ್ತಾರೆ.

ನೀರಿನ ಸುರಕ್ಷತೆ ಕಲಿಸುವ ನನಗೆ ಚಿಂತೆ ಇರುವುದು ಅಲ್ಲೇ. ಮುಳುಗುವವರು ಕೈಕಾಲು ಬಡಿಯುತ್ತಾರೆ, ಕೂಗುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಸ್ನಾರ್ಕೆಲ್ ಹಾಕಿದವರ ವಿಷಯ ಹಾಗಲ್ಲ. ಮುಖ ನೀರೊಳಗೇ ಇರುತ್ತದೆ. ಪ್ರಜ್ಞೆ ತಪ್ಪಿದರೂ ದಡದಲ್ಲಿರುವವರಿಗೆ ಸುಮ್ನೆ ತೇಲುತ್ತಿರುವ ಹಾಗೆ ಕಾಣುತ್ತದೆ.

ಹವಾಯಿಯಲ್ಲಿ ಇಂಥ ಸಾವುಗಳ ಬಗ್ಗೆ ಅಧ್ಯಯನ ನಡೆದಿದೆ. ನೀರು ಕುಡಿದು ಮುಳುಗುವುದೊಂದೇ ಕಾರಣವಲ್ಲ ಎಂದು ಅದು ಹೇಳುತ್ತದೆ. ಕಿರಿದಾದ ಕೊಳವೆಯಿಂದ ಜೋರಾಗಿ ಉಸಿರು ಎಳೆದಾಗ ಎದೆಯೊಳಗೆ ಒತ್ತಡ ಕಡಿಮೆಯಾಗುತ್ತದೆ. ಆಗ ಶ್ವಾಸಕೋಶದ ಸಣ್ಣ ರಕ್ತನಾಳಗಳಿಂದ ದ್ರವ ಗಾಳಿಗೂಡುಗಳಿಗೆ ಒಸರಿ, ದೇಹಕ್ಕೆ ಆಮ್ಲಜನಕ ಸಾಲದೆ ಹೋಗಬಹುದು. ದಣಿದು ಈಜಿದರೆ ಅಪಾಯ ಜಾಸ್ತಿ. ಹೃದಯದ ತೊಂದರೆ ಇದ್ದರೆ ಇನ್ನೂ ಜಾಸ್ತಿ. ಅಂಥವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ಮೊದಲ ಸೂಚನೆ ಏದುಸಿರು, ಕೈಕಾಲಿನಲ್ಲಿ ಕಾರಣವಿಲ್ಲದೆ ಬರುವ ಸುಸ್ತು. ಇದಾದರೆ "ಇನ್ನೊಂದು ಸುತ್ತು ನೋಡಿ ಬರ್ತೀನಿ" ಅನ್ನಬೇಡಿ. ತಕ್ಷಣ ಸ್ನಾರ್ಕೆಲ್ ತೆಗೆದು ಎದ್ದು ನಿಲ್ಲಿ, ನಿಧಾನವಾಗಿ ಉಸಿರಾಡಿ, ನೀರಿನಿಂದ ಹೊರಗೆ ಬನ್ನಿ. ಅದಕ್ಕೇ ಕಾಲು ನೆಲ ಮುಟ್ಟುವಷ್ಟು ಆಳದಲ್ಲೇ ಇರಿ ಎಂದು ಪದೇ ಪದೇ ಹೇಳುತ್ತೇನೆ. ನಿಲ್ಲುವುದು ಮಾತ್ರ ಮರಳಿನ ಮೇಲೆ. ಹವಳ ಜೀವಂತ ಪ್ರಾಣಿ, ತುಳಿದರೆ ಸಾಯುತ್ತದೆ, ನಿಮ್ಮ ಕಾಲನ್ನೂ ಕೊಯ್ಯುತ್ತದೆ. ಸ್ನಾರ್ಕೆಲ್ ಹೊಸತಾದರೆ ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡಿ. ದೂರದ ವಿಮಾನ ಪ್ರಯಾಣ ಮುಗಿಸಿದ ದಿನವೇ ನೀರಿಗಿಳಿಯಬೇಡಿ, ಮೈಗೆ ವಿಶ್ರಾಂತಿ ಕೊಡಿ.

ದಿಬ್ಬದ ಮೇಲಿಂದ ಒಳಬಂದ ನೀರು ಅದರ ಸಂದುಗಳಿಂದಲೇ ಹೊರಗೆ ಹೋಗುತ್ತದೆ. ಅಲ್ಲಿ ಸೆಳೆತ ಇರುತ್ತದೆ. ಆಚೆಯ ನೀಲಿ ಎಷ್ಟೇ ಚೆಂದ ಕಂಡರೂ ದಾಟಬೇಡಿ.

ಜೆಲ್ಲಿ ಮೀನಿನ ಕಾಟಕ್ಕೂ ಒಂದು ಲೆಕ್ಕ ಇದೆ. ಒಆಹುವಿನ ದಕ್ಷಿಣ ದಡಗಳಿಗೆ ವಿಷದಿಂದ ಕುಟುಕುವ ಬಾಕ್ಸ್ ಜೆಲ್ಲಿ ಮೀನುಗಳು ಸಾಮಾನ್ಯವಾಗಿ ಹುಣ್ಣಿಮೆಯ 8ರಿಂದ 10 ದಿನಗಳ ನಂತರ ಬರುತ್ತವೆ. ಬಹುಳ ಅಷ್ಟಮಿಯಿಂದ ದಶಮಿಯವರೆಗೆ ಅಂದುಕೊಳ್ಳಿ. ದಿನ ಗೊತ್ತು ಮಾಡುವಾಗ ಇದನ್ನು ನೋಡಿಕೊಳ್ಳಿ. ಸೋಮವಾರ, ಮಂಗಳವಾರ ಹನೌಮಾ ಬೇ ಉದ್ಯಾನ ಮುಚ್ಚಿರುತ್ತದೆ. ಹವಾಯಿಯ ಹೊರಗಿನವರು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಒಳಗೆ ಬಿಡುವ ಮೊದಲು ಒಂದು ವಿಡಿಯೊ ತೋರಿಸುತ್ತಾರೆ, ಫೋನ್ ಬದಿಗಿಟ್ಟು ನೋಡಿ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟಕ್ಕೆ ಹವಾಯಿಯಲ್ಲಿ 2021ರಿಂದ ನಿಷೇಧವಿದೆ. ಮನೆಯಿಂದ ಒಯ್ಯುವ ಡಬ್ಬಿಯಲ್ಲೂ ಅವು ಬೇಡ. ತುಂಬು ತೋಳಿನ ಈಜುಡುಗೆ ಇನ್ನೂ ಒಳ್ಳೆಯದು.

ಇಬ್ಬಿಬ್ಬರಾಗಿ ಇಳಿಯಿರಿ. ಜೊತೆಯವರು ಅಲುಗಾಡದೆ ತೇಲುತ್ತಿದ್ದರೆ ಭುಜ ಮುಟ್ಟಿ ಕೇಳಿ. ಮೀನು ನೋಡುತ್ತಿದ್ದವರಿಗೆ ಸ್ವಲ್ಪ ಕಿರಿಕಿರಿ ಆಗಬಹುದು, ಆಗಲಿ. ಉತ್ತರ ಬರದಿದ್ದರೆ ಮುಖ ಮೇಲಕ್ಕೆ ತಿರುಗಿಸಿ, ಜೀವರಕ್ಷಕರನ್ನು ಜೋರಾಗಿ ಕೂಗಿ.